30 ಸೆಂ.ಮೀ. ಸೀಳುಗೋಳ: ಅಳತೆಗೆ ಒಳ್ಳೆ ಅಂಕ, ಬಣ್ಣಕ್ಕೆ ಸೊನ್ನೆ

ಭೂಮಿಯನ್ನು ಮಧ್ಯಕ್ಕೆ ಸೀಳಿ ಒಳಪದರಗಳನ್ನು ತೋರಿಸುವ ಗೋಳಗಳು ಶಾಲಾ ಸಾಮಗ್ರಿಗಳಲ್ಲಿ ಹಲವು ಬಗೆಯವು ಸಿಗುತ್ತವೆ. ಇಲ್ಲಿ ಪರೀಕ್ಷೆಗೆ ತೆಗೆದುಕೊಂಡದ್ದು ಗಟ್ಟಿ ಥರ್ಮಾಕೋಲಿನ, 30 ಸೆಂ.ಮೀ. ವ್ಯಾಸದ, ಎರಡು ಹೋಳಿನ ಮಾದರಿ. ಪೆಟ್ಟಿಗೆಯಲ್ಲಿ ಇರುವುದಿಷ್ಟು: ಆಯಸ್ಕಾಂತಗಳಿಂದ ಒಂದಕ್ಕೊಂದು ಕಚ್ಚಿಕೊಳ್ಳುವ ಎರಡು ಅರ್ಧಗೋಳ, ನಡುವಿನ ಕುಳಿಯಲ್ಲಿ ಕೂರುವ ಬಿಡಿ ಚೆಂಡು, ಪ್ಲಾಸ್ಟಿಕ್ ಸ್ಟ್ಯಾಂಡ್, ಅಂಟಿಸುವ ಹೆಸರುಚೀಟಿಗಳ ಹಾಳೆ, ತೆಳ್ಳಗಿನ ಒಂದು ಕೈಪಿಡಿ. ನೋಡುವುದಕ್ಕೇನೋ ಚೆಂದವಾಗಿದೆ. ಆದರೆ ಇಂಥದ್ದನ್ನು ಯಾರೂ ಚೆಂದಕ್ಕೆ ಕೊಳ್ಳುವುದಿಲ್ಲವಲ್ಲ, ಸ್ಕೇಲ್ ಹಿಡಿದು ಅಳೆದರೆ ತಾನೇ ಬಂಡವಾಳ ಗೊತ್ತಾಗುವುದು.

ಲೆಕ್ಕ ಸುಲಭ. ಭೂಮಿಯ ಸರಾಸರಿ ತ್ರಿಜ್ಯ 6,371 ಕಿ.ಮೀ. ಗೋಳದ್ದು 150 ಮಿ.ಮೀ. ಅಂದರೆ ಗೋಳದ ಮೇಲಿನ 1 ಮಿ.ಮೀ. ನಿಜವಾದ ಭೂಮಿಯಲ್ಲಿ ಸುಮಾರು 42.5 ಕಿ.ಮೀ. ಭೂಮಿಯ ನಟ್ಟನಡುವಿನ ಒಳ ಕೇಂದ್ರಗೋಳದ ತ್ರಿಜ್ಯ 1,221 ಕಿ.ಮೀ. ಆದ್ದರಿಂದ ನಡುವಿನ ಚೆಂಡಿನ ವ್ಯಾಸ 57.5 ಮಿ.ಮೀ. ಇರಬೇಕು, ಇಲ್ಲಿರುವುದು 58. ಮೇಲಿನ ತೆಳು ಭೂಕವಚದ ಕೆಳಗಿರುವ ದಪ್ಪ ಬಂಡೆಯ ಪದರ, ಅಂದರೆ ಮ್ಯಾಂಟಲ್, ಮುಗಿದು ಹೊರ ಕೇಂದ್ರಗೋಳ ಶುರುವಾಗುವುದು 2,891 ಕಿ.ಮೀ. ಆಳದಲ್ಲಿ, ಗೋಳದ ಅಂಚಿನಿಂದ 68 ಮಿ.ಮೀ. ಒಳಗೆ. ಇಲ್ಲಿ 67 ಬರುತ್ತದೆ. ಈ ಎರಡು ದೊಡ್ಡ ಗಡಿಗಳು ಇಷ್ಟು ನಿಖರವಾಗಿರುವ ಮಾದರಿ ಅಪರೂಪ. ಬಹುಪಾಲು ಮಾದರಿಗಳಲ್ಲಿ ಹೆಸರು ಬರೆಯಲು ಜಾಗ ಬೇಕೆಂದು ಪದರಗಳನ್ನೆಲ್ಲ ಸಮಸಮ ದಪ್ಪಕ್ಕೆ ಹಂಚಿಬಿಟ್ಟಿರುತ್ತಾರೆ. ಆಗ ಗಾತ್ರದ ಅಂದಾಜು ಬುಡಮೇಲಾಗುತ್ತದೆ: ಒಳ ಕೇಂದ್ರಗೋಳ ಭೂಮಿಯ ಒಟ್ಟು ಘನಗಾತ್ರದ ಶೇ 0.7 ಮಾತ್ರ, ಹೊರ ಕೇಂದ್ರಗೋಳ ಶೇ 15.6, ಉಳಿದದ್ದು ಹೆಚ್ಚುಕಮ್ಮಿ ಎಲ್ಲವೂ ಮ್ಯಾಂಟಲ್. ಈ ಗೋಳದಲ್ಲಿ ಆ ಪಾಲು ಕಣ್ಣಿಗೇ ತಿಳಿಯುತ್ತದೆ.

ಹಾಗೆಯೇ ಗೋಳ ಪೂರ್ತಿ ದುಂಡಗಿರುವುದನ್ನು ತಪ್ಪೆನ್ನಬೇಕಿಲ್ಲ. ಭೂಮಿಯ ಸಮಭಾಜಕದ ತ್ರಿಜ್ಯಕ್ಕೂ ಧ್ರುವದ ತ್ರಿಜ್ಯಕ್ಕೂ ಇರುವ ವ್ಯತ್ಯಾಸ 21 ಕಿ.ಮೀ. ಈ ಅಳತೆಯಲ್ಲಿ ಅದು ಅರ್ಧ ಮಿ.ಮೀ. ಎದ್ದು ಕಾಣುವ ತಪ್ಪು ಹೊರಮೈಯ ಪರ್ವತಗಳದ್ದು. ಬೆರಳಿಗೆ ತಾಗಲಿ ಎಂದು 3 ಮಿ.ಮೀ. ಉಬ್ಬಿಸಿದ್ದಾರೆ, ಅಂದರೆ 127 ಕಿ.ಮೀ. ಎತ್ತರದ ಬೆಟ್ಟಗಳು! ಎವರೆಸ್ಟ್ ಈ ಗೋಳದ ಮೇಲೆ 0.2 ಮಿ.ಮೀ.ಗಿಂತ ಹೆಚ್ಚು ಏಳಬಾರದು.

ಇನ್ನು ಭೂಕವಚ. ಸೀಳಿದ ಮುಖದ ಅಂಚಿನಲ್ಲಿ 4 ಮಿ.ಮೀ. ದಪ್ಪದ ಕಂದು ಪಟ್ಟಿ ಇದೆ, ಅದರ ಮೇಲೆ 'ಭೂಕವಚ' ಎಂಬ ಚೀಟಿ ಅಂಟಿಸಲು ಹೇಳಿದ್ದಾರೆ. 4 ಮಿ.ಮೀ. ಎಂದರೆ 170 ಕಿ.ಮೀ. ಖಂಡಗಳ ಭೂಕವಚ ಸರಾಸರಿ 35ರಿಂದ 40 ಕಿ.ಮೀ., ಟಿಬೆಟ್ ಪ್ರಸ್ಥಭೂಮಿಯ ಅಡಿಯಲ್ಲಿ 70 ಕಿ.ಮೀ. ಮುಟ್ಟುತ್ತದೆ. ಸಾಗರದ ತಳದಲ್ಲಿ ಬರೀ 7 ಕಿ.ಮೀ. ಹಾಗಾಗಿ ಸರಿಯಾದ ದಪ್ಪ ಖಂಡಕ್ಕೆ 0.8 ಮಿ.ಮೀ., ಸಾಗರಕ್ಕೆ 0.16 ಮಿ.ಮೀ. ಸಾಮಾನ್ಯ ಝೆರಾಕ್ಸ್ ಹಾಳೆಯೇ 0.1 ಮಿ.ಮೀ. ಇರುತ್ತದೆ. ಅಷ್ಟು ತೆಳುವಾದ ಪದರವನ್ನು ಥರ್ಮಾಕೋಲಿನಲ್ಲಿ ಅಚ್ಚು ಹಾಕಲು ಆಗುವುದಿಲ್ಲ, ಒಪ್ಪೋಣ. ಹಾಗಿದ್ದರೆ ಹೆಸರನ್ನಾದರೂ ಬದಲಿಸಬೇಕಿತ್ತು.

ಇದಕ್ಕೆ ಸುಲಭದ ದಾರಿ ಇದೆ. ಆ ಚೀಟಿಯನ್ನು ಬಿಟ್ಟು 'ಶಿಲಾಗೋಳ' ಎಂದು ಬರೆದು ಅಂಟಿಸಿ. ಶಿಲಾಗೋಳ ಎಂದರೆ ಭೂಕವಚ ಮತ್ತು ಅದಕ್ಕೆ ಕಚ್ಚಿಕೊಂಡಿರುವ ಮ್ಯಾಂಟಲಿನ ಗಟ್ಟಿ ಮೇಲ್ಭಾಗ, ಎರಡೂ ಸೇರಿ. ಭೂಫಲಕಗಳಾಗಿ ಸರಿಯುವುದು ಇದೇ. ಹಳೆಯ ಸಾಗರದ ಅಡಿಯಲ್ಲಿ ಇದು ಸುಮಾರು 100 ಕಿ.ಮೀ., ಪುರಾತನ ಖಂಡಗಳ ಅಡಿಯಲ್ಲಿ 200 ಕಿ.ಮೀ. ಆಸುಪಾಸು. ಆ ಲೆಕ್ಕದಲ್ಲಿ 4 ಮಿ.ಮೀ. ಪಟ್ಟಿ ತಪ್ಪೇನಲ್ಲ. ಆಮೇಲೆ ಪಟ್ಟಿಯ ಹೊರ ಅಂಚಿಗೆ ಹೊಂದಿಕೊಂಡಂತೆ 0.8 ಮಿ.ಮೀ. ತುದಿಯ ಪೆನ್ನಿನಲ್ಲಿ ಖಂಡ ಇರುವ ಕಡೆ, 0.2 ಮಿ.ಮೀ. ತುದಿಯದರಲ್ಲಿ ಸಾಗರ ಇರುವ ಕಡೆ ಗೆರೆ ಎಳೆದರೆ ಆ ಗೆರೆಯೇ ಭೂಕವಚ, ಗೆರೆಯ ಒಳ ಅಂಚೇ ಭೂಕವಚ ಮುಗಿದು ಮ್ಯಾಂಟಲ್ ಶುರುವಾಗುವ ಮೋಹೋ ಗಡಿ. ಪೆನ್ನು ನೀರಿನ ಮಸಿಯದ್ದಾಗಿರಲಿ. ಮನುಷ್ಯ ಕೊರೆದ ಅತಿ ಆಳದ ರಂಧ್ರ, ರಷ್ಯಾದ ಕೋಲಾ ಪರ್ಯಾಯ ದ್ವೀಪದ್ದು, 1989ರಲ್ಲಿ ಮುಟ್ಟಿದ್ದು 12,262 ಮೀಟರ್. ಅದು ಈ 0.8 ಮಿ.ಮೀ. ಗೆರೆಯನ್ನೂ ದಾಟುವುದಿಲ್ಲ, ಅರ್ಧಕ್ಕಿಂತ ಮೊದಲೇ ನಿಂತಿದೆ.

ಬಣ್ಣದ ವಿಚಾರಕ್ಕೆ ಬಂದರೆ ತಾಳ್ಮೆ ಕೆಡುತ್ತದೆ. ಮ್ಯಾಂಟಲಿಗೆ ಕೆಂಪು, ಕಿತ್ತಳೆ ಬಳಿದು, ಮೇಲೆ ಸುಳಿಸುಳಿಯಾಗಿ ಗುಳ್ಳೆ ಬಿಡಿಸಿ, 'ಕರಗಿದ ಶಿಲಾಪಾಕ' ಎಂಬ ಚೀಟಿ ಕೊಟ್ಟಿದ್ದಾರೆ. ಹೊರ ಕೇಂದ್ರಗೋಳಕ್ಕೆ ನುಣ್ಣನೆಯ ಹಳದಿ. ನೋಡಿದರೆ ಎರಕ ಹೊಯ್ದು ಗಟ್ಟಿಯಾದ ಲೋಹದಂತಿದೆ. ಇರುವುದು ಇದಕ್ಕೆ ತದ್ವಿರುದ್ಧ. ಮ್ಯಾಂಟಲ್ ಘನ, ಹೊರ ಕೇಂದ್ರಗೋಳ ದ್ರವ. ಸಾಕ್ಷಿ ಕೊಡುವುದು ಭೂಕಂಪನದ ದ್ವಿತೀಯ ಅಲೆಗಳು, ಎಸ್ ಅಲೆಗಳು. ಅಡ್ಡಡ್ಡ ಅಲುಗಾಡಿಸುವ ಈ ಅಲೆ ದ್ರವದಲ್ಲಿ ಸಾಗಲಾರದು. ಮ್ಯಾಂಟಲಿನಲ್ಲಿ ಅದು ಮೇಲ್ಭಾಗದಲ್ಲಿ ಸೆಕೆಂಡಿಗೆ ಸುಮಾರು 4.5 ಕಿ.ಮೀ., ತಳದಲ್ಲಿ 7.3 ಕಿ.ಮೀ. ವೇಗದಲ್ಲಿ ಸಲೀಸಾಗಿ ಓಡುತ್ತದೆ. 2,891 ಕಿ.ಮೀ. ಗಡಿಯಲ್ಲಿ ವೇಗ ಒಮ್ಮೆಲೇ ಸೊನ್ನೆ. ಅದೇ ಗಡಿಯಲ್ಲಿ ಪ್ರಾಥಮಿಕ ಅಲೆ, ಅಂದರೆ ಪಿ ಅಲೆ, 13.7ರಿಂದ 8.1 ಕಿ.ಮೀ.ಗೆ ಕುಸಿಯುತ್ತದೆ. ಹೊರ ಕೇಂದ್ರಗೋಳ ದ್ರವವೇ ಎಂದು ಹೆರಾಲ್ಡ್ ಜೆಫ್ರೀಸ್ ತೋರಿಸಿದ್ದು 1926ರಲ್ಲಿ. ಅಷ್ಟು ಹಳೆಯ ಸಂಗತಿ ಇನ್ನೂ ಅಚ್ಚುಗಾರರಿಗೆ ತಲುಪಿಲ್ಲ ಅನ್ನಬೇಕೇ!

ಮ್ಯಾಂಟಲ್ ಹರಿಯುವುದು ನಿಜ, ಆದರೆ ಘನವಾಗಿದ್ದುಕೊಂಡೇ, ವರ್ಷಕ್ಕೆ ಕೆಲವು ಸೆಂಟಿಮೀಟರಿನಷ್ಟು. ಜ್ವಾಲಾಮುಖಿಯ ಶಿಲಾಪಾಕ ಎಲ್ಲಿಂದ ಬರುತ್ತದೆ ಎಂಬ ಪ್ರಶ್ನೆಗೂ ಈ ಕೆಂಪು ಬಣ್ಣ ತಪ್ಪು ಉತ್ತರ ಹೇಳಿಕೊಡುತ್ತದೆ. ಶಿಲಾಪಾಕ ಹುಟ್ಟುವುದು ಬಹುಮಟ್ಟಿಗೆ ಮೇಲಿನ 100-200 ಕಿ.ಮೀ. ಒಳಗೆ, ಅಂದರೆ ಗೋಳದಲ್ಲಿ ಅಂಚಿನ 5 ಮಿ.ಮೀ. ಒಳಗೆ. ಅದೂ ಎಲ್ಲೆಡೆ ಅಲ್ಲ. ಸಾಗರ ಮಧ್ಯದ ಏಣುಗಳ ಅಡಿಯಲ್ಲಿ ಬಿಸಿ ಬಂಡೆ ಮೇಲೇರುತ್ತ ಒತ್ತಡ ಇಳಿದಾಗ ಒಂದಿಷ್ಟು ಕರಗುತ್ತದೆ. ಫಲಕವೊಂದು ಇನ್ನೊಂದರ ಅಡಿಗೆ ನುಗ್ಗುವಲ್ಲಿ ಒಳಹೋದ ನೀರು ಬಂಡೆಯ ಕರಗುವ ಬಿಂದುವನ್ನೇ ತಗ್ಗಿಸುತ್ತದೆ. ಉಳಿದ ಎರಡು ಸಾವಿರದ ಚಿಲ್ಲರೆ ಕಿ.ಮೀ. ಬಿಸಿಯಾದ ಘನ ಬಂಡೆ. ಒತ್ತಡ ಏರಿದಂತೆ ಕರಗುವ ಬಿಂದುವೂ ಏರುತ್ತ ಹೋಗುವುದರಿಂದ ಅದು ಕರಗುವುದಿಲ್ಲ.

ಬಣ್ಣ ಬದಲಿಸುವ ಮನಸ್ಸಿದ್ದರೆ ಒಂದು ಎಚ್ಚರಿಕೆ. ಸ್ಪ್ರೇ ಡಬ್ಬಿಯ ಬಣ್ಣ ಬೇಡ. ಅದರಲ್ಲಿರುವ ದ್ರಾವಕ ಥರ್ಮಾಕೋಲನ್ನು ತಿಂದುಹಾಕುತ್ತದೆ. ಗಳಿಗೆಯಲ್ಲಿ ಮೇಲ್ಮೈ ಗುಳಿಬಿದ್ದು ಕುಗ್ಗುತ್ತದೆ. ಥಿನ್ನರ್, ಅಸಿಟೋನ್ ಹತ್ತಿರವೂ ಸುಳಿಯಬಾರದು. ಬಿಳಿ ಗೋಂದಿಗೆ ಸಮಪಾಲು ನೀರು ಬೆರೆಸಿ ಸೀಳುಮುಖಕ್ಕೆ ಒಂದು ಕೈ ಬಳಿದು, ರಾತ್ರಿಯಿಡೀ ಒಣಗಿಸಿ, ಮೇಲೆ ನೀರಿನ ಅಕ್ರಿಲಿಕ್ ಬಣ್ಣ ಎರಡು ಕೈ ಹಚ್ಚಿದರೆ ಸಾಕು. ಮ್ಯಾಂಟಲಿನ ಮೇಲ್ಭಾಗಕ್ಕೆ ಆಲಿವ್ ಹಸಿರು ಒಪ್ಪುತ್ತದೆ, ಏಕೆಂದರೆ ಅಲ್ಲಿನ ಪೆರಿಡೋಟೈಟ್ ಶಿಲೆಯ ಬಹುಭಾಗ ಆಲಿವಿನ್ ಖನಿಜ. ಹಳದಿ ಹೊರ ಕೇಂದ್ರಗೋಳವನ್ನು ಹಾಗೇ ಬಿಟ್ಟು, ಸುಳಿಗಳನ್ನೇನಾದರೂ ಬಿಡಿಸುವುದಿದ್ದರೆ ಅಲ್ಲಿ ಬಿಡಿಸಿ. ಅದು ನೀರಿನಷ್ಟೇ ಸಡಿಲವಾಗಿ ಹರಿಯುವ ಕಬ್ಬಿಣ-ನಿಕ್ಕಲ್ ದ್ರವ ಎಂಬುದು ಈಗಿನ ಅಂದಾಜು.

ಮ್ಯಾಂಟಲಿನ ಒಳಗಡಿಗಳಲ್ಲೂ ಕೊರತೆ ಇದೆ. ಮೇಲ್ ಮ್ಯಾಂಟಲ್, ಕೆಳ ಮ್ಯಾಂಟಲ್ ಎಂದು ವಿಂಗಡಿಸುವ ಒಂದೇ ಗೆರೆ, ಅದೂ ಅಂಚಿನಿಂದ 24 ಮಿ.ಮೀ. ಒಳಗೆ, ಸುಮಾರು 1,000 ಕಿ.ಮೀ. ಆಳಕ್ಕೆ ಸಮನಾಗಿ. ಹಳೆಯ ಪುಸ್ತಕಗಳ ಗಡಿ ಅದು. ಈಗ ಒಪ್ಪಿತವಾಗಿರುವುದು 410 ಮತ್ತು 660 ಕಿ.ಮೀ. ಆಳದ ಎರಡು ಗಡಿಗಳು. ಅಲ್ಲಿ ಬದಲಾಗುವುದು ಖನಿಜದ ಕಟ್ಟು. 410ರಲ್ಲಿ, ಸುಮಾರು 14 ಗಿಗಾಪಾಸ್ಕಲ್ ಒತ್ತಡಕ್ಕೆ (ಒಂದು ಗಿಗಾಪಾಸ್ಕಲ್ ಎಂದರೆ ವಾಯುಮಂಡಲದ ಒತ್ತಡದ ಸುಮಾರು ಹತ್ತು ಸಾವಿರ ಪಟ್ಟು), ಆಲಿವಿನ್ ಕುಗ್ಗಿ ವಾಡ್ಸ್‌ಲೇಯೈಟ್ ಆಗುತ್ತದೆ. ಇನ್ನಷ್ಟು ಕೆಳಗೆ ಅದೇ ರಿಂಗ್‌ವುಡೈಟ್. 660ರ ಹೊತ್ತಿಗೆ ಒತ್ತಡ 23-24 ಗಿಗಾಪಾಸ್ಕಲ್ ತಲುಪಿ ಅದೂ ಒಡೆದು ಬ್ರಿಜ್‌ಮನೈಟ್ ಮತ್ತು ಫೆರೋಪೆರಿಕ್ಲೇಸ್ ಆಗುತ್ತದೆ. ಭೂಮಿಯಲ್ಲಿ ಅತಿ ಹೆಚ್ಚು ಇರುವ ಖನಿಜ ಈ ಬ್ರಿಜ್‌ಮನೈಟ್. ಆದರೂ ಅದಕ್ಕೆ ಅಧಿಕೃತ ಹೆಸರು ಸಿಕ್ಕಿದ್ದು 2014ರಲ್ಲಿ, ಉಲ್ಕಾಶಿಲೆಯೊಂದರಲ್ಲಿ ಅದರ ಹರಳು ಕಂಡ ಮೇಲೆ.

ಈ ಗೆರೆಗಳನ್ನು ನಾವೇ ಎಳೆದುಕೊಳ್ಳಬಹುದು. ಜಾಮಿಟ್ರಿ ಡಬ್ಬಿಯ ಕೈವಾರ ಇಷ್ಟು ಅಗಲಕ್ಕೆ ತೆರೆಯುವುದಿಲ್ಲ. ನಡುವಿನ ಚೆಂಡನ್ನು ತೆಗೆದರೆ ಕುಳಿ ಉಳಿಯುವುದರಿಂದ ಮುಳ್ಳು ಊರಲು ಜಾಗವೂ ಇರುವುದಿಲ್ಲ. ದಪ್ಪ ರಟ್ಟಿನಲ್ಲಿ 29 ಮಿ.ಮೀ. ತ್ರಿಜ್ಯದ ಬಿಲ್ಲೆ ಕತ್ತರಿಸಿ, ಕುಳಿಯ ಬಾಯಿಗೆ ಟೇಪಿನಿಂದ ಕೂರಿಸಿ. 16 ಸೆಂ.ಮೀ. ಉದ್ದದ ರಟ್ಟಿನ ಪಟ್ಟಿಯೊಂದರ ತುದಿಯನ್ನು ಬಿಲ್ಲೆಯ ನಡುವಿಗೆ ಗುಂಡುಸೂಜಿಯಿಂದ ಚುಚ್ಚಿ. ಸೂಜಿಯಿಂದ 134.5 ಮಿ.ಮೀ. ದೂರದಲ್ಲಿ ಒಂದು ತೂತು (660 ಕಿ.ಮೀ. ಗಡಿ), 140.3ರಲ್ಲಿ ಇನ್ನೊಂದು (410). ತೂತಿಗೆ ಪೆನ್ನಿನ ತುದಿ ಇಟ್ಟು ಪಟ್ಟಿಯನ್ನು ತಿರುಗಿಸಿದರೆ ವೃತ್ತ ಬರುತ್ತದೆ. ಅರ್ಧ ಮಿ.ಮೀ. ಆಚೀಚೆಯಾದರೆ 21 ಕಿ.ಮೀ. ತಪ್ಪು, ಚಿಂತೆಯಿಲ್ಲ, ಆ ಗಡಿಗಳೇ ಜಾಗದಿಂದ ಜಾಗಕ್ಕೆ ಅಷ್ಟು ಏರಿಳಿಯುತ್ತವೆ. ಬೇಕಿದ್ದರೆ 86.6ರಲ್ಲಿ ಚುಕ್ಕೆಗೆರೆಯೊಂದನ್ನು ಹಾಕಿ: ಮ್ಯಾಂಟಲಿನ ತಳದ ಕೊನೆಯ 200 ಕಿ.ಮೀ., ಅಲೆಗಳ ವೇಗ ವಿಚಿತ್ರವಾಗಿ ಬದಲಾಗುವ ಡಿ-ಡಬಲ್ ಪ್ರೈಮ್ ಪದರ.

ಕೈಪಿಡಿಯ ಮಾತು. ಸಿಯಾಲ್ (ಸಿಲಿಕಾ-ಅಲ್ಯುಮಿನಿಯಂ), ಸಿಮಾ (ಸಿಲಿಕಾ-ಮೆಗ್ನೀಷಿಯಂ), ನಿಫೆ (ನಿಕ್ಕಲ್-ಕಬ್ಬಿಣ) ಎಂದು ಪದರಗಳನ್ನು ಹೆಸರಿಸುವ ಹಳೆಯ ವಿಂಗಡಣೆಗೇ ಅದು ಎರಡು ಪುಟ ಮೀಸಲಿಟ್ಟಿದೆ. ಚರಿತ್ರೆ ಎಂದು ಓದಿಕೊಳ್ಳಬಹುದು, ಅಷ್ಟೆ. ಮೋಹೋ ಗಡಿಯನ್ನು ಆಂಡ್ರಿಯಾ ಮೊಹೊರೊವಿಚಿಚ್ 1909ರ ಅಕ್ಟೋಬರ್ 8ರಂದು ಕ್ರೊಯೇಷಿಯಾದ ಕುಪಾ ಕಣಿವೆಯಲ್ಲಿ ಆದ ಭೂಕಂಪದ ದಾಖಲೆಗಳಿಂದ ಕಂಡುಕೊಂಡದ್ದನ್ನು ಚೆನ್ನಾಗಿ ವಿವರಿಸಿದೆ. ಮ್ಯಾಂಟಲ್-ಕೇಂದ್ರಗೋಳ ಗಡಿಯ ಆಳವನ್ನು ಲೆಕ್ಕ ಹಾಕಿದ ಗುಟೆನ್‌ಬರ್ಗ್ ಕೂಡ ಇದ್ದಾರೆ. ಆದರೆ ನಡುವಿನ ಚೆಂಡನ್ನು ಕಂಡುಹಿಡಿದ ಡೆನ್ಮಾರ್ಕಿನ ಇಂಗೆ ಲೇಮನ್ ಹೆಸರೇ ಇಲ್ಲ. ಕೇಂದ್ರಗೋಳ ಅಲೆಗಳನ್ನು ಬಾಗಿಸುವುದರಿಂದ ಅವು ತಲುಪಬಾರದ ಪಟ್ಟಿ, ಅಂದರೆ ನೆರಳು ವಲಯದಲ್ಲೂ ಕ್ಷೀಣವಾದ ಪಿ ಅಲೆಗಳು ದಾಖಲಾಗಿದ್ದನ್ನು ಹಿಡಿದು, 1936ರಲ್ಲಿ ಒಳ ಕೇಂದ್ರಗೋಳವೊಂದು ಇದೆ ಎಂದು ವಾದಿಸಿದವರು ಅವರು. ಆಧಾರವಾಗಿ ಬಳಸಿದ್ದು 1929ರ ನ್ಯೂಜಿಲೆಂಡ್ ಭೂಕಂಪದ ದಾಖಲೆಗಳನ್ನು.

ನೆರಳು ವಲಯದ ಚಿತ್ರದಲ್ಲಿ ಅಲೆಗಳನ್ನು ಸೀದಾ ಗೆರೆಗಳಾಗಿ ಎಳೆದು, ನೆರಳು ಭೂಕಂಪದ ಜಾಗದಿಂದ 104 ಡಿಗ್ರಿಯಿಂದ 140 ಡಿಗ್ರಿಯವರೆಗೆ (ಭೂಮಿಯ ಕೇಂದ್ರದಲ್ಲಿ ಅಳೆದ ಕೋನ) ಎಂದು ಬರೆದಿದ್ದಾರೆ. ಅಂಕಿ ಸರಿ, ಚಿತ್ರ ತಪ್ಪು. ಗೋಳದ ಮೇಲೆಯೇ ಇದನ್ನು ಪರೀಕ್ಷಿಸಬಹುದು. ಸೀಳುಮುಖದ ಅಂಚಿನಲ್ಲಿ ಒಂದು ಸೂಜಿ ಚುಚ್ಚಿ (ಭೂಕಂಪದ ಜಾಗ), ಅದಕ್ಕೆ ಕಟ್ಟಿದ ದಾರವನ್ನು ಹೊರ ಕೇಂದ್ರಗೋಳದ ಅಂಚನ್ನು ಸವರಿಕೊಂಡು ಹೋಗುವಂತೆ ಎಳೆದು ಆಚೆ ಅಂಚಿಗೆ ಮುಟ್ಟಿಸಿ. ಕೇಂದ್ರದಿಂದ ಕೋನ ಅಳೆದರೆ ಸುಮಾರು 114 ಡಿಗ್ರಿ ಬರುತ್ತದೆ, 104 ಅಲ್ಲ. ಈ 10 ಡಿಗ್ರಿ ಎಲ್ಲಿ ಹೋಯಿತು? ಆಳಕ್ಕೆ ಹೋದಂತೆ ವೇಗ ಹೆಚ್ಚುವುದರಿಂದ ಅಲೆಯ ದಾರಿ ಮೇಲ್ಮುಖವಾಗಿ ಬಾಗುತ್ತದೆ, ಹಾಗಾಗಿ ಬೇಗ ಹೊರಬರುತ್ತದೆ. ಈ ಮಾದರಿಯಿಂದ ಮಾಡಬಹುದಾದ ಅತ್ಯುತ್ತಮ ಪಾಠ ಇದೇ. ಕೇಂದ್ರಗೋಳದ ಗಡಿ ಸರಿಯಾದ ಅಳತೆಯಲ್ಲಿ ಇರುವುದರಿಂದ ಮಾತ್ರ ಇದು ಸಾಧ್ಯ. ಪದರಗಳನ್ನು ಸಮ ದಪ್ಪಕ್ಕೆ ಹಂಚಿದ ಗೋಳಗಳಲ್ಲಿ ದಾರ ಏನೇನೋ ಕೋನ ತೋರಿಸುತ್ತದೆ.

ಉಷ್ಣತೆಯ ಪುಟವನ್ನು ಮಕ್ಕಳಿಗೆ ಕೊಡಬೇಡಿ. ಪ್ರತಿ ಕಿ.ಮೀ.ಗೆ 25 ಡಿಗ್ರಿ ಏರುತ್ತದೆ ಎಂದು ಹೇಳಿ, ಅದನ್ನೇ ಭೂಮಿಯ ಲಕ್ಷಣ ಎಂಬಂತೆ ಬಿಟ್ಟಿದ್ದಾರೆ. ಆ ದರ ಭೂಕವಚದ ಮೇಲ್ಭಾಗಕ್ಕೆ ಮಾತ್ರ. ಅದೇ ಲೆಕ್ಕ ಹಿಡಿದು ಹೊರಟರೆ ಕೇಂದ್ರದಲ್ಲಿ ಒಂದೂವರೆ ಲಕ್ಷ ಡಿಗ್ರಿ ದಾಟುತ್ತದೆ! ವಾಸ್ತವದಲ್ಲಿ ಮ್ಯಾಂಟಲ್ ತನ್ನೊಳಗೇ ನಿಧಾನಕ್ಕೆ ಮಗುಚುತ್ತ ಶಾಖ ಸಾಗಿಸುವುದರಿಂದ ಏರಿಕೆ ತೀರಾ ಮಂದವಾಗುತ್ತದೆ. ಮ್ಯಾಂಟಲ್-ಕೇಂದ್ರಗೋಳ ಗಡಿಯಲ್ಲಿ 3,500-4,000 ಡಿಗ್ರಿ ಸೆಲ್ಸಿಯಸ್, ಒಳ ಕೇಂದ್ರಗೋಳದ ಅಂಚಿನಲ್ಲಿ 5,000-6,000 ಎಂಬುದು ಪ್ರಯೋಗಗಳಿಂದ ಬಂದ ಅಂದಾಜು. ಅಷ್ಟು ಬಿಸಿಯಲ್ಲೂ ಒಳ ಕೇಂದ್ರಗೋಳ ಘನವಾಗಿರಲು ಕಾರಣ ಒತ್ತಡ: ಅಂಚಿನಲ್ಲಿ 329 ಗಿಗಾಪಾಸ್ಕಲ್, ನಟ್ಟನಡುವೆ 364, ಅಂದರೆ ವಾಯುಮಂಡಲದ ಒತ್ತಡದ ಸುಮಾರು 36 ಲಕ್ಷ ಪಟ್ಟು.

ಇನ್ನೂ ಒಂದು ತಪ್ಪು, ಇದು ಸ್ವಲ್ಪ ಅಪಾಯಕಾರಿ. 'ಒಳ ಕೇಂದ್ರಗೋಳ ಒಂದು ದೊಡ್ಡ ಆಯಸ್ಕಾಂತ' ಎಂದು ಕೈಪಿಡಿ ಹೇಳುತ್ತದೆ. ಕಬ್ಬಿಣ 770 ಡಿಗ್ರಿ ದಾಟಿದರೆ ಶಾಶ್ವತ ಆಯಸ್ಕಾಂತವಾಗಿ ಉಳಿಯಲಾರದು. ಭೂಮಿಯ ಕಾಂತಕ್ಷೇತ್ರ ಹುಟ್ಟುವುದು ಹೊರ ಕೇಂದ್ರಗೋಳದ ದ್ರವ ಲೋಹದ ಹರಿವಿನಿಂದ. ಒಳ ಕೇಂದ್ರಗೋಳ ನಿಧಾನವಾಗಿ ಹೆಪ್ಪುಗಟ್ಟುತ್ತ ಬಿಡುವ ಶಾಖ ಮತ್ತು ಹಗುರ ಧಾತುಗಳು ಆ ಹರಿವಿಗೆ ಕಸುವು ಕೊಡುತ್ತವೆ. ತಮಾಷೆಯೆಂದರೆ ಗೋಳದ ಪಕ್ಕ ದಿಕ್ಸೂಚಿ ಇಟ್ಟರೆ ಮುಳ್ಳು ತಿರುಗುತ್ತದೆ. ಅದು ಹೋಳುಗಳನ್ನು ಹಿಡಿದಿಡುವ ಆಯಸ್ಕಾಂತಗಳ ಪ್ರಭಾವ. ತರಗತಿಯಲ್ಲಿ ಯಾರಾದರೂ ಇದನ್ನೇ 'ನೋಡಿ, ಕೇಂದ್ರಗೋಳದ ಕಾಂತಶಕ್ತಿ' ಎಂದು ತೋರಿಸಿಬಿಟ್ಟರೆ ಮುಗಿಯಿತು.

ತೂಕದ ಬಗ್ಗೆ ಮಾದರಿ ಏನೂ ಹೇಳುವುದಿಲ್ಲ, ಎಲ್ಲ ಪದರವೂ ಒಂದೇ ಥರ್ಮಾಕೋಲ್. ಇದೇ ಗಾತ್ರದ ಗೋಳಕ್ಕೆ ಭೂಮಿಯ ಸಾಂದ್ರತೆ ಇದ್ದಿದ್ದರೆ ಒಟ್ಟು 78 ಕಿಲೋ ತೂಗಬೇಕಿತ್ತು. ಅದರಲ್ಲಿ ಮ್ಯಾಂಟಲ್ 52, ಹೊರ ಕೇಂದ್ರಗೋಳ 24, ನಡುವಿನ ಚೆಂಡು 1.3 ಕಿಲೋ, ಭೂಕವಚ ಪೂರ್ತಿ ಸುಲಿದು ತಕ್ಕಡಿಗೆ ಹಾಕಿದರೂ ಅರ್ಧ ಕಿಲೋ ಆಗುವುದಿಲ್ಲ. ನಡುವಿನ ಚೆಂಡಿನ ಅಳತೆಯ ಉಕ್ಕಿನ ಗುಂಡು ತೂಗುವುದು ಮುಕ್ಕಾಲು ಕಿಲೋ ಚಿಲ್ಲರೆ. ಒಳ ಕೇಂದ್ರಗೋಳದ ಕಬ್ಬಿಣ ಒತ್ತಡಕ್ಕೆ ಎಷ್ಟು ಅಡಕಗೊಂಡಿದೆ ಎಂಬುದಕ್ಕೆ ಆ ವ್ಯತ್ಯಾಸವೇ ಉತ್ತರ: ಮೇಲೆ ಘನ ಸೆಂ.ಮೀ.ಗೆ 7.9 ಗ್ರಾಂ ಇರುವ ಲೋಹ ಅಲ್ಲಿ 13 ಗ್ರಾಂ. ಉಕ್ಕಿನ ಗುಂಡು ಸಿಕ್ಕರೆ ಪಕ್ಕದಲ್ಲಿಟ್ಟು ಕೈಗೆ ಕೊಟ್ಟು ತೋರಿಸಿ. ಕುಳಿಯೊಳಗೆ ಮಾತ್ರ ಇಡಬೇಡಿ, ಸ್ಟ್ಯಾಂಡ್ ಮುಗುಚುತ್ತದೆ.

ಬಾಳಿಕೆ ಸಾಧಾರಣ. ಮೊದಲು ಕೈಕೊಡುವುದು ಆಯಸ್ಕಾಂತ: ಹೋಳುಗಳನ್ನು ಓರೆಯಾಗಿ ಎಳೆದರೆ ಥರ್ಮಾಕೋಲಿನ ಗುಳಿಯಿಂದ ಕಿತ್ತು ಬರುತ್ತದೆ. ನೇರವಾಗಿ ಎಳೆಯಬೇಕು. ಕಿತ್ತು ಬಂದರೆ ಹಾಗೇ ಇನ್ನೊಂದು ಹೋಳಿನ ಆಯಸ್ಕಾಂತಕ್ಕೆ ಕಚ್ಚಿಸಿ, ಹೊರಗೆ ಉಳಿದ ಮುಖಕ್ಕೆ ಪೆನ್ನಿನ ಗುರುತು ಹಾಕಿ. ಆ ಗುರುತು ಗುಳಿಯ ಒಳಕ್ಕೆ ಹೋಗುವಂತೆ ಅಂಟಿಸಬೇಕು. ತಿರುಗಾಮುರುಗಾ ಆದರೆ ಹೋಳುಗಳು ಒಂದನ್ನೊಂದು ತಳ್ಳುತ್ತವೆ. ತಕ್ಷಣ ಹಿಡಿಯುವ ಸೂಪರ್ ಗ್ಲೂ ಥರ್ಮಾಕೋಲನ್ನು ಕರಗಿಸುತ್ತದೆ, ಬಿಸಿ ಅಂಟಿನ ಗನ್ನೂ ಅಷ್ಟೆ. ಎರಡು ಟ್ಯೂಬ್ ಬೆರೆಸುವ ಎಪಾಕ್ಸಿಯೇ ಸರಿ. ಹೆಸರುಚೀಟಿಗಳು ತೇವಕ್ಕೆ ಏಳುತ್ತವೆ. ಹೇಗೂ ಅರ್ಧ ಚೀಟಿಗಳನ್ನು ಬದಲಿಸಬೇಕಾಗಿರುವುದರಿಂದ ಅದೇನು ದೊಡ್ಡ ನಷ್ಟವಲ್ಲ.

ತಿದ್ದಿಕೊಳ್ಳಲು ಎರಡು ಸಂಜೆ ಬಿಡುವು ಇರುವ ಶಿಕ್ಷಕರಿಗೆ 5ಕ್ಕೆ 4 ಅಂಕ. ಪೆಟ್ಟಿಗೆಯಿಂದ ತೆಗೆದು ಹಾಗೇ ಮೇಜಿನ ಮೇಲಿಡುವವರಿಗೆ 2. ಇದರ 15 ಸೆಂ.ಮೀ. ಆವೃತ್ತಿಯೂ ಬರುತ್ತದೆ, ಅದು ಬೇಡ. ಅದರಲ್ಲಿ 1 ಮಿ.ಮೀ. ಎಂದರೆ 85 ಕಿ.ಮೀ.; 410 ಮತ್ತು 660ರ ಗೆರೆಗಳ ನಡುವೆ 3 ಮಿ.ಮೀ. ಕೂಡ ಉಳಿಯುವುದಿಲ್ಲ, ಖಂಡಗಳ ಭೂಕವಚ 0.4 ಮಿ.ಮೀ.ಗೆ ಇಳಿಯುತ್ತದೆ, ಹೆಸರುಚೀಟಿಗಳು ಮಾತ್ರ ಅದೇ ಗಾತ್ರದವಾದ್ದರಿಂದ ಅರ್ಧ ಮ್ಯಾಂಟಲನ್ನು ಮುಚ್ಚಿಹಾಕುತ್ತವೆ.